ಸುಮ್ಮನೆ ಬಾಯಾಡಿಸಿದ್ದು

ಕೋಟಿನ ಗುಂಡಿ ಕಾಜಾದಿಂದ ನಾಲ್ಕು ಬೆರಳು ಈಚೆಗೇ ನಿಂತುಬಿಟ್ಟಿತು. ಅಳತೆಮಾವ ಉಸಿರೆಳೆದುಕೊಂಡು ಇನ್ನೊಮ್ಮೆ ಜಗ್ಗಿದ. ಮೂರು ಬೆರಳಾಯಿತು. ಉಸಿರು ಬಿಟ್ಟ, ಐದಾಯಿತು.

"ಬಟ್ಟೆ ಕುಗ್ಗಿದೆ ಕಣೇ," ಎಂದ. ಮೂವತ್ತು ವರ್ಷದಿಂದ ಗಿರಾಕಿಗಳ ಬಾಯಲ್ಲಿ ಕೇಳಿ ಕೇಳಿ ಒಳಗೊಳಗೇ ನಕ್ಕಿದ್ದ ಮಾತು ಅದು.

ಪಕ್ಕದಲ್ಲಿ ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದ ಹೆಂಡತಿ ತಲೆಯೆತ್ತಿದಳು. "ಬೀರುವಿನಲ್ಲಿ ನೇತುಹಾಕಿದ ಬಟ್ಟೆ ಯಾಕ್ರೀ ಕುಗ್ಗುತ್ತೆ?"

ಈಗ ಗಂಟೆ ಮೂರು. ಆರಕ್ಕೆ ಟೈಲರುಗಳ ಸಂಘದವರು ಅವನಿಗೆ ಸನ್ಮಾನ ಇಟ್ಟುಕೊಂಡಿದ್ದರು, ಅಳತೆ ತಪ್ಪದ ಕೈ ಎಂದು. ಅವನು ಹೊಲಿದ ಬಟ್ಟೆ ಒಂದೂ ಸರಿಮಾಡಿಸಲು ವಾಪಸ್ ಬಂದದ್ದಿಲ್ಲ. ಅದಕ್ಕೇ ಬೀದಿಗೆಲ್ಲ ಅವನು ಅಳತೆಮಾವ. ಎದುರಿಗೆ ಕೂರುವವರೆಲ್ಲ ಟೈಲರುಗಳೇ, ಮುಖಕ್ಕಿಂತ ಮೊದಲು ಹೊಲಿಗೆ ನೋಡುವವರು. ಸನ್ಮಾನಕ್ಕೆಂದೇ ಎರಡು ತಿಂಗಳ ಹಿಂದೆ ತಾನೇ ಹೊಲಿದುಕೊಂಡ ಕೋಟಿನ ಗುಂಡಿ ಬಿಚ್ಚಿಕೊಂಡು ವೇದಿಕೆ ಹತ್ತಿದರೆ ಮೂವತ್ತು ವರ್ಷದ ಮಾನ ಒಂದೇ ಸಂಜೆಗೆ ಹರಾಜು.

"ಅಷ್ಟೇ ತಾನೆ, ಬಿಚ್ಚಿ ಸಡಿಲ ಮಾಡ್ಕೊಡ್ತೀನಿ. ಒಳಗೆ ಮಾರ್ಜಿನ್ ಬಿಟ್ಟಿರ್ತೀರಲ್ಲ?"

ಮಾವ ಫ್ಯಾನಿನ ಕಡೆ ನೋಡಿದ. "ಬಿಟ್ಟಿಲ್ಲ."

"ಏನಂದ್ರಿ?"

"ಮಾರ್ಜಿನ್ ಇದ್ರೆ ಮನಸ್ಸು ಸಡಿಲ ಆಗುತ್ತೆ ಅಂತ ಕತ್ತರಿಸಿ ಎಸೆದುಬಿಟ್ಟೆ."

ಅವಳು ತಲೆ ಮೇಲೆ ಕೈಹೊತ್ತು ಕೂತಳು. 'ಇನ್ನೊಂದು ತಿಂಗಳಲ್ಲಿ ಸಣ್ಣಗಾಗ್ತೀನಿ, ಬಿಗಿಯಾಗೇ ಹೊಲೀರಿ' ಎನ್ನುವ ಗಿರಾಕಿಗಳಿಗೆಲ್ಲ ಹೂಂಗುಟ್ಟಿ, ಗುಟ್ಟಾಗಿ ಎರಡು ಬೆರಳು ಹೆಚ್ಚೇ ಬಿಡುತ್ತಿದ್ದ ಮಹಾನುಭಾವ, ಅದೇ ಮಾತನ್ನು ತಾನೇ ಆಡಿದಾಗ ನಂಬಿ ಮೋಸಹೋಗಿದ್ದ.

"ರಾತ್ರಿ ಊಟ ಬಿಟ್ಟು ಎರಡು ತಿಂಗಳಾಯ್ತು. ಮಧ್ಯಾಹ್ನ ಅರ್ಧ ತಟ್ಟೆ. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಕೊಂಡು ಮೆಷಿನ್ ತುಳಿದಿದೀನಿ. ಈ ಹೊಟ್ಟೆಗೆ ಸ್ವಲ್ಪಾನಾದ್ರೂ ನಿಯತ್ತು ಬೇಡ್ವಾ?" ಹೇಳುತ್ತ ಹೇಳುತ್ತ ಹೊಟ್ಟೆಗೇ ಒಂದೇಟು ಕೊಟ್ಟ.

ಅವಳಿಗೆ ಅಯ್ಯೋ ಪಾಪ ಅನಿಸಿತು. "ಅದೇ ಬಟ್ಟೇದು ಒಂದು ತುಂಡು ಉಳಿದಿದೆ. ಕಂಕುಳ ಕೆಳಗೆ ಎರಡೂ ಕಡೆ ಪಟ್ಟಿ ಕೊಡ್ತೀನಿ, ಕೈ ಎತ್ತದಿದ್ರೆ ಯಾರಿಗೂ ಕಾಣಲ್ಲ. ಅಳತೆ ಕೊಡಿ."

"ಮೂವತ್ತೆಂಟು ಅಂತ ಬರ್ಕೋ."

"ನಿಮ್ಮ ಬಾಯಿ ಅಳತೆ ನಂಬಿಯೇ ಈ ಗತಿ. ಕೈ ಎತ್ತಿ."

ಟೇಪು ಸೊಂಟ ಸುತ್ತುತ್ತಿದ್ದಂತೆ ಹೊಟ್ಟೆ ತಾನಾಗಿಯೇ ಒಳಗೆ ಸರಿಯಿತು. ಟೇಪಿಗೆ ನಿಜವಾದ ಹೊಟ್ಟೆ ತೋರಿಸುವ ಗಂಡಸು ಇನ್ನೂ ಹುಟ್ಟಿಲ್ಲ. ಅದಕ್ಕೇ ಪಳಗಿದ ಟೈಲರು ಗಿರಾಕಿಯನ್ನು ಮಾತಿಗೆಳೆಯುತ್ತಾನೆ. ಮಾತಾಡುವವನು ಉಸಿರು ಹಿಡಿದಿರಲಾರ. ಈ ಗುಟ್ಟನ್ನು ಹೆಂಡತಿಗೆ ಹೇಳಿಕೊಟ್ಟವನು ಮಾವನೇ.

"ಊಟ ಬಿಟ್ರಿ, ಸರಿ," ಎಂದಳು ಅವಳು. "ನಡುನಡುವೆ ಏನು ತಿಂದ್ರಿ ಇವತ್ತು?"

"ಏನಿಲ್ಲ ಕಣೇ, ಸುಮ್ನೆ ಬಾಯಾಡಿಸಿದ್ದು." ಮಾವ ನಿರಾಳವಾಗಿ ಶುರುಮಾಡಿದ. "ಒಂಬತ್ತಕ್ಕೆ ಟೀ ಜೊತೆ ನಾಲ್ಕು ಬಿಸ್ಕತ್ತು. ಬರೀ ಟೀ ಕುಡಿದ್ರೆ ಎದೆ ಉರಿಯುತ್ತಲ್ಲ. ಹತ್ತಕ್ಕೆ ಎರಡು ಹಿಡಿ ಕಡಲೆಬೀಜ. ಸೂಜಿಗೆ ದಾರ ಪೋಣಿಸೋವಾಗ ಕಣ್ಣು ಮಂಜಾಯ್ತು, ಅದಕ್ಕೆ. ಹನ್ನೊಂದಕ್ಕೆ ಬೇಕರಿಯವನು ಪ್ಯಾಂಟು ತಗೊಂಡು ಹೋಗೋಕೆ ಬಂದಾಗ ಒಂದು ತುಂಡು ಕೇಕು ತಂದಿದ್ದ. ಬೇಡ ಅಂದ್ರೆ ಬೇಜಾರು ಮಾಡ್ಕೊಳ್ಳಲ್ವಾ? ಎರಡು ತುಂಡು ಅಂತಾನೇ ಇಟ್ಕೋ..."

ಅವಳ ಬೆರಳ ಸಂದಿಯಿಂದ ಟೇಪು ಇಂಚಿಂಚೇ ಜಾರುತ್ತಿತ್ತು. ಮಾವನಿಗೆ ಅದು ತಡವಾಗಿ ಗೊತ್ತಾಯಿತು. ಬಗ್ಗಿ ನೋಡಿದ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಎಷ್ಟಾಯ್ತೇ?" ಮೆಲ್ಲಗೆ ಕೇಳಿದ.

"ಇನ್ನೂ ಹನ್ನೊಂದು ಗಂಟೆಗೆ ಬಂದಿದೀರಿ," ಟೇಪು ಬಿಡದೆ ಹೇಳಿದಳು ಅವಳು. "ಹೇಳ್ತಾ ಹೋಗಿ."