ಸುದ್ದಿಗಾರನಿಲ್ಲದ ಅಡಿಗೆಮನೆ

ಬಾಲ್ಯದಲ್ಲಿ ಅನ್ನ ಸೀದ ವಾಸನೆ ಬಂದರೆ ಮನೆಮಂದಿಯೆಲ್ಲ ಒಲೆಯತ್ತ ಓಡುತ್ತಿದ್ದೆವು. ಚಂದ್ರನ ಮೇಲಿನ ನಮ್ಮ ಕಾಲೊನಿಯಲ್ಲಿ ಆ ಕೆಲಸ ಸುದ್ದಿಗಾರನದು. ಪಾತ್ರೆಯ ಮಾತನ್ನು ಒಲೆಗೆ, ಬಾಗಿಲಿನ ಮಾತನ್ನು ದೀಪಕ್ಕೆ ಮುಟ್ಟಿಸುವ ಪುಟ್ಟ ತಂತ್ರಾಂಶ ಅದು.

ಪಕ್ಕದ ಮನೆಯ ಪದ್ಮರಾಜಯ್ಯ ತಮ್ಮ ಮನೆಯ ಕಂಪ್ಯೂಟರಿನಿಂದ ಅದನ್ನು ಅಳಿಸಿಬಿಟ್ಟಿದ್ದರು. "ಇಷ್ಟು ಚಿಕ್ಕ ಕಂಪ್ಯೂಟರಿಗೆ ಈ ಹರಟೆಮಲ್ಲ ಯಾಕಮ್ಮ?"

ಇಂದು ಸಂಜೆ ಗಾಳಿಕಿಂಡಿಯಿಂದ ಅದೇ ಹಳೆಯ ವಾಸನೆ ಬಂತು. ಅನ್ನ ಬೆಂದದ್ದು ಅವರ ಪಾತ್ರೆಗೆ ತಿಳಿದಿತ್ತು, ಒಲೆಗೆ ಹೇಳುವವರಿರಲಿಲ್ಲ. ಕಾಲೊನಿಯ ದೀಪಗಳು ಮಂಕಾದರೆ ಹೊತ್ತು ಮುಳುಗಿದಂತೆ. ಆಮೇಲೆ ಜೈನರಾದ ಅವರು ಊಟ ಮುಟ್ಟುವುದಿಲ್ಲ.

ದೀಪ ಮಂಕಾಗುವ ಮುನ್ನವೇ ನನಗೆ ಬಡಿಸಿಕೊಂಡಿದ್ದ ತಟ್ಟೆ ಹಿಡಿದು ಓಡಿದೆ.

"ನಿಮ್ಮ ಸುದ್ದಿಗಾರ ಹೇಳಿದ್ನಾ?" ಎಂದರು, ಕರಕಲು ಪಾತ್ರೆ ಮರೆಮಾಡುತ್ತ.

"ಇಲ್ಲ ಸ್ವಾಮಿ, ನಿಮ್ಮ ಅನ್ನವೇ ಕಾಲೊನಿಗೆಲ್ಲ ಡಂಗುರ ಹೊಡೀತು."

ಅವರು ಸುದ್ದಿಗಾರನನ್ನು ಅಳಿಸಿದ ದಿನದಿಂದಲೇ ನಾನು ಅಡಿಗೆಗೆ ಈರುಳ್ಳಿ ಹಾಕುವುದನ್ನು ನಿಲ್ಲಿಸಿದ್ದೆ. ತಟ್ಟೆಯನ್ನು ಅವರ ಕೈಗಿತ್ತೆ.