ದೀಪ ಆರಿದ ಹೊತ್ತು

ಮನೆಯ ಕ್ಯಾಮೆರಾ ಕಾಣದ್ದು ನಡೆದೇ ಇಲ್ಲ ಎಂಬ ಕಾನೂನು ಬಂದು ಬಹಳ ಕಾಲವಾಗಿತ್ತು. ಹಾಗಾಗಿ ನೆಟ್ ಹೋಗಿ ಕ್ಯಾಮೆರಾದ ಹಸಿರು ದೀಪ ಆರಿದ್ದೇ ತಡ, ಶಶಿರೇಖಾ ಸಾರಿನ ಡಬ್ಬಿ ಹಿಡಿದು ಕಾಂಪೌಂಡಿನ ಬಳಿಗೆ ಓಡಿದಳು. ಗೋಡೆಯಾಚೆ ಓರಗಿತ್ತಿ ಚಂದ್ರಕಲಾ ಆಗಲೇ ಬಂದು ನಿಂತಿದ್ದಳು. ಅಣ್ಣತಮ್ಮಂದಿರು ಮಾತು ಬಿಟ್ಟ ಮೇಲೆ ಹೆಂಡಿರೂ ಬಿಟ್ಟಿದ್ದರು, ದೀಪ ಉರಿಯುವಷ್ಟು ಹೊತ್ತು.

“ದಿನಾ ನೆಟ್ ಕೆಡುತ್ತಲ್ಲ ಅಕ್ಕಾ, ಆ ಕಂಪನಿಯವರ ಹೊಟ್ಟೆ ತಣ್ಣಗಿರಲಿ,” ಎಂದಳು ಶಶಿರೇಖಾ.

ಚಂದ್ರಕಲಾ ನಗಲಿಲ್ಲ. “ನಾಳೆ ನನ್ನ ಗರ್ಭಕೋಶ ತೆಗೀತಾರೆ ಕಣೇ. ಜೊತೆಗೆ ಒಬ್ಬ ಹೆಂಗಸು ಇರಬೇಕಂತೆ.”

“ನಾನಿಲ್ವಾ? ಬರ್ತೀನಿ.”

“ದೀಪ ಇಲ್ಲದಾಗ ಹೇಳಿದ್ದು ಹೇಳಿದ ಹಾಗಲ್ಲವಲ್ಲೇ. ನಿನ್ನ ಗಂಡ ಬೇಡ ಅಂದ್ರೆ ಮುಗೀತು.”

ಅದು ನಿಜವೇ. ಈ ಗೋಡೆಯ ಬಳಿ ಶಶಿರೇಖಾ ಎಷ್ಟೋ ಮಾತು ಕೊಟ್ಟಿದ್ದಳು. ಒಂದನ್ನೂ ನಡೆಸಬೇಕಾಗಿ ಬಂದಿರಲಿಲ್ಲ. ಆ ಸುಖಕ್ಕೆ ಅವಳು ಒಗ್ಗಿಹೋಗಿದ್ದಳು.

ದೀಪ ಹತ್ತಿತು. ಚಂದ್ರಕಲಾ ಅಭ್ಯಾಸದಂತೆ ಬೆನ್ನು ತಿರುಗಿಸಿದಳು. ಶಶಿರೇಖಾ ಸೆರಗು ಸರಿಮಾಡಿಕೊಂಡು, ಕ್ಯಾಮೆರಾಗೆ ಮುಖ ಪೂರ್ತಿ ಕಾಣುವಂತೆ ನಿಂತು, ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಕೂಗಿದಳು.

“ಅಕ್ಕಾ, ನಾಳೆ ಎಷ್ಟು ಹೊತ್ತಿಗೆ ಹೊರಡೋಣ?”