ಹನ್ನೊಂದನೆಯ ಕೂಗು

ಹೆಂಗಸು ಬಲಗೈಯನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಬೆಟ್ಟದ ಬುಡದಿಂದಲೂ ಗೈಡ್ ಅದನ್ನೇ ಗಮನಿಸುತ್ತಿದ್ದ.

"ನೀವು ಮುಂದೆ ನಡೀರಮ್ಮ," ಎಂದ.

"ದಾರಿ ತೋರಿಸೋನು ನೀನಲ್ವೇನಪ್ಪ. ನಾನು ಹಿಂದೇನೇ ಇರ್ತೀನಿ."

ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪ್ರಪಾತ. ಹೋದ ವರ್ಷ ಇದೇ ರಜೆಯ ಸಂಜೆ, ಊರಿನವರು ಹಾರಿಸುವ ಬಾಣಬಿರುಸು ನೋಡಲು ಅವನು ಹನ್ನೊಂದು ಜನರನ್ನು ಹತ್ತಿಸಿದ್ದ. ಇಳಿದವರು ಹತ್ತು. ಬೆಳಗ್ಗೆ ಬಂಡೆಯ ಕೆಳಗೆ ಸಿಕ್ಕವನು ಈಕೆಯ ಒಬ್ಬನೇ ಮಗ.

ಇಳಿಯುವ ಮೊದಲು ಕತ್ತಲಲ್ಲಿ ಒಬ್ಬೊಬ್ಬರೂ ತಮ್ಮ ಅಂಕಿ ಕೂಗಬೇಕು. ಒಂದು ತಪ್ಪಿದರೂ ಗೈಡ್ ಹೆಜ್ಜೆ ಕೀಳುವವನಲ್ಲ. ಇಪ್ಪತ್ತು ವರ್ಷದ ಪದ್ಧತಿ. ಆ ದಿನವೂ ಹನ್ನೊಂದು ಕೇಳಿಯೇ ಹೊರಟೆ ಎಂದು ವಿಚಾರಣೆಯಲ್ಲಿ ಆಣೆ ಮಾಡಿದ. ಸಿಡಿತದ ಸದ್ದಿನಲ್ಲಿ ಉಳಿದವರಿಗೆ ತಂತಮ್ಮ ಅಂಕಿಯಷ್ಟೇ ನೆನಪು. ಸಾಲಿನ ಕೊನೆಯವನು ಮಗ, ಅವನ ಮುಂದಿನವಳು ತಾಯಿ. ಅವಳನ್ನೇ ಕೇಳಿದರು.

"ನಂಗೇನೂ ಕೇಳಿಸ್ಲಿಲ್ಲ," ಎಂದು ತಲೆ ತಗ್ಗಿಸಿದಳು.

ಪರವಾನಗಿ ಹೋಯಿತು. ಎಣಿಸದೆ ಇಳಿದವನು ಎಂಬ ಹೆಸರು ಉಳಿಯಿತು. ಹೆಂಡತಿ ನೆರೆಯವರ ಮನೆಗೆ ಹೋಗುವುದನ್ನೇ ಬಿಟ್ಟಳು. ಇಂಥವನ ಬಾಗಿಲಿಗೆ ನಿನ್ನೆ ಈಕೆಯೇ ಬಂದು, "ಅವನು ಕಡೇ ಸಲ ಕೂತ ಜಾಗ ತೋರ್ಸು" ಎಂದಾಗ, ಇಲ್ಲ ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ.

"ಅವನ ಗಂಟಲು ನೆನಪಿದ್ಯಾ?" ಹಿಂದಿನಿಂದ ಕೇಳಿದಳು.

"ಹತ್ತುವಾಗ ಹಾಡ್ತಿದ್ನಲ್ಲಮ್ಮ. ಒಡಕು ಮಡಕೆ ಅಂತ ಎಲ್ರೂ ಆಡ್ಕೊಂಡ್ರು."

"ನಂದೇ ಬಳುವಳಿ. ನಾನು ಫೋನ್ ಎತ್ತಿದ್ರೆ ಅವನ ಗೆಳೆಯರು ನಂಗೇ 'ಲೋ' ಅಂತಿದ್ರು."

ನಗಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ.

ನೆತ್ತಿ ತಲುಪುವಾಗ ಬಾಣಗಳು ಏಳತೊಡಗಿದ್ದವು. ಇಲ್ಲಿ ಯಾರು ಕಿರುಚಿದರೂ ಕೆಳಗೆ ಕೇಳಿಸದು. ಅವಳು ಅವನ ಬೆನ್ನಿಗೆ ಅಂಟಿದಂತೆ ನಿಂತಳು. ಕೈ ಚೀಲದಿಂದ ಹೊರಬಂತು. ಅವನು ಅಂಚಿನ ಕಂಬಿ ಹಿಡಿದುಕೊಂಡ.

ಟಾರ್ಚು.

"ಹೆದರಿದ್ಯಾ?"

"ಇಲ್ಲ ಅಂದ್ರೆ ಸುಳ್ಳಾಗುತ್ತೆ."

"ಅವನದು ಇದು. ಬಂಡೆ ಕೆಳಗೆ ಸಿಕ್ತು. ಇನ್ನೂ ಉರಿಯುತ್ತೆ, ಇಟ್ಕೋ." ಅವನ ಅಂಗೈಗೆ ಒತ್ತಿದಳು. "ಹಟಮಾರಿ. ಕೊನೇ ಬಾಣ ನೋಡ್ದೆ ಏಳ್ತಿರ್ಲಿಲ್ಲ. ನೀನೋ, ಅದಕ್ಕೆ ಮುಂಚೇನೇ ಇಳಿಸೋನು."

"ಹೊಗೆ ಕವಿದ್ರೆ ದಾರಿ ಕಾಣಲ್ಲಮ್ಮ. ಅದಕ್ಕೇ ಎಲ್ಲರನ್ನೂ ಎಬ್ಬಿಸ್ಕೊಂಡೇ ಹೊರಡೋದು. ಒಬ್ಬ ಕೂಗದಿದ್ರೂ ನಾನು ನಿಲ್ತಿದ್ದೆ."

"ಗೊತ್ತು. ಈಗ ಎಣಿಸು. ಹೋದ ವರ್ಷದ ಹಾಗೇ."

ಮುಖ ಇಳಿಜಾರಿಗೆ ತಿರುಗಿಸಿ, ಯಾರೂ ಇಲ್ಲದ ಸಾಲಿಗೆ ತಾನೇ ದನಿಯಾಗಿ, ಒಂದರಿಂದ ಒಂಬತ್ತರವರೆಗೆ ಕೂಗಿದ.

"ಹತ್ತು," ಎಂದಳು.

ಕೆಳಗೊಂದು ಬಾಣ ಸಿಡಿಯಿತು. ಆ ಸದ್ದು ಅಡಗುವ ಮೊದಲೇ ಬೆನ್ನ ಹಿಂದೆ ಹುಡುಗನ ಒಡಕು ದನಿ, ಹೋದ ವರ್ಷ ಗೈಡ್ ಕೇಳಿದ್ದ ಅದೇ ದನಿ, ಕೂಗಿತು: "ಹನ್ನೊಂದು."

ಗೈಡ್ ಟಾರ್ಚು ತಿರುಗಿಸಿದ. ಬೆಳಕಿನಲ್ಲಿ ತಾಯಿಯೊಬ್ಬಳೇ ನಿಂತಿದ್ದಳು. ಹನ್ನೊಂದು ಕೂಗಿದ ಬಾಯಿ ಇನ್ನೂ ತೆರೆದೇ ಇತ್ತು.